ಖಾರದ ಗಿರಣಿಯ ಪಕ್ಕದ ಅಕ್ಕೋರು

ನಮ್ಮೂರ ಶಾಲೆಯ ಅಕ್ಕೋರು ತಮ್ಮ ಪಂಪನ್ನು ಎಂದೂ ಮುಚ್ಚಿಟ್ಟವರಲ್ಲ. ನಮ್ಮ ಕಡೆ ವಯಸ್ಸಾದ ಹೆಂಗಸರು ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದೇ ಸಂಚಿ ಅವರದು. ಒಳಗೆ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ, ದಮ್ಮಿನ ನೀಲಿ ಪಂಪು, ಡಾಕ್ಟರರ ಬಾಯಲ್ಲಿ ಇನ್ಹೇಲರ್. ಪಾಠದ ನಡುವೆ ಉಸಿರು ಬಿಗಿಯಿತೆಂದರೆ ಗೋಡೆಯ ಕಡೆ ತಿರುಗದೆ, ಸೆರಗು ಅಡ್ಡ ಹಿಡಿಯದೆ, ಮಕ್ಕಳ ಎದುರಿಗೇ ಅದನ್ನು ಅಲ್ಲಾಡಿಸಿ ಬಾಯಿಗೆ ಹಚ್ಚಿಕೊಳ್ಳುತ್ತಿದ್ದರು. ಒತ್ತಿ, ಸಾವಕಾಶ ಎಳೆದು, ಉಸಿರು ಹಿಡಿದು, ಬೆರಳು ಮಡಚುತ್ತಾ ಎಣಿಸಿ ಬಿಡುತ್ತಿದ್ದರು. ಆಮೇಲೆ, "ಹೂಂ, ಎಲ್ಲಿಗೆ ಬಂದಿದ್ವಿ?" ಎಂದು ಮತ್ತೆ ಪಾಠ.

ಒಮ್ಮೆ ಬಸ್ಸಿಗಾಗಿ ಕಾಯುತ್ತಿದ್ದಾಗ ಮುದುಕಿಯೊಬ್ಬಳು ಆ ಸಂಚಿ ನೋಡಿ, "ಯವ್ವಾ, ಒಂದೆಲಿ ಕೊಡು" ಎಂದು ಕೈ ಚಾಚಿದಳಂತೆ. ಇವರು ಸಂಚಿ ಬಿಚ್ಚಿ ತೋರಿಸಿ, "ಇದರಾಗ ಬರೇ ಗಾಳಿ ಅದಬೇ, ಬೇಕಾದ್ರ ತಗೋ" ಅಂದರಂತೆ. ಈ ಕಥೆಯನ್ನು ಅವರೇ ಹೇಳಿ ನಗುತ್ತಿದ್ದರು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಂತ ಮೇಲೆ ಉಳಿದ ನಗುವನ್ನೂ ನಕ್ಕು ಮುಗಿಸುತ್ತಿದ್ದರು.

ಅವರು ಹೋದ ತಿಂಗಳು ದೇವದುರ್ಗದ ಕಡೆ ಮಸರಕಲ್ಲಿನಲ್ಲಿ, ತಮ್ಮ ತವರು ಊರಿನಲ್ಲಿ ತೀರಿಕೊಂಡರು. ಅವರ ಅಣ್ಣನ ಮಗ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ದಮ್ಮೇನ್ರಿ?" ಎಂಬುದು. "ಅಲ್ರಿ, ಎದಿನೋವು. ನಿದ್ದ್ಯಾಗ ಹೋಗಿಬಿಟ್ರು" ಅಂದ. ನನಗೆ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಒಬ್ಬರು ಸತ್ತ ಸುದ್ದಿ ಕೇಳಿ ಹಗುರಾದೆನಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು. ಅವರ ನೆನಪು ನನಗೆ ಯಾವಾಗಲೂ ಹೀಗೇ, ಒಂದು ಕೈಯಿಂದ ಸಮಾಧಾನ ಕೊಟ್ಟು ಇನ್ನೊಂದು ಕೈಯಿಂದ ಕಿವಿ ಹಿಂಡುತ್ತದೆ.

ನಮ್ಮೂರು ಮಾನ್ವಿ ತಾಲ್ಲೂಕಿನಲ್ಲಿ, ಪೋತ್ನಾಳದಿಂದ ಒಳಗೆ. ಶಾಲೆಯ ಗೋಡೆಗೆ ಹತ್ತಿಕೊಂಡೇ ನನ್ನ ಗಿರಣಿ, ಅದರ ಹಿಂದೆಯೇ ಮನೆ. ಗಿರಣಿಯಲ್ಲಿ ಒಂದು ಕಡೆ ಜೋಳ ಬೀಸುವ ಕಲ್ಲು, ಇನ್ನೊಂದು ಕಡೆ ಖಾರ ಕುಟ್ಟುವ ಮಷಿನ್. ಐದನೇ ಇಯತ್ತೆಗೆ ಶಾಲೆ ಬಿಟ್ಟು ಇನ್ನೊಬ್ಬರ ಗಿರಣಿಯಲ್ಲಿ ಕಸ ಹೊಡೆದವನು ನಾನು. ಕೂಲಿ ಮಾಡಿ ಉಳಿಸಿ, ಹಳೇ ಮಷಿನ್ ತಂದು, ಬಿಚ್ಚಿ ಜೋಡಿಸಿ, ನನ್ನ ಕೈಯಾರೆ ಅದನ್ನು ನಿಲ್ಲಿಸಿದ್ದೆ. ಖಾರ ಕುಟ್ಟುವಾಗ ಬಂದವರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ಓಡುತ್ತಿದ್ದರು. ನಾನು ಮಾತ್ರ ಮಷಿನ್ನಿನ ಬಾಯಿಗೇ ನಿಲ್ಲುತ್ತಿದ್ದೆ. ಒಂದು ಸೀನೂ ಬರುತ್ತಿರಲಿಲ್ಲ. "ಇವನದೇನು ಮೂಗೋ, ಕಲ್ಲೋ!" ಎಂದು ಹೆಂಗಸರು ಅಂದರೆ ನನಗೆ ಅದೇ ಬಿರುದು.

ಅಕ್ಕೋರು ನಮ್ಮೂರ ಶಾಲೆಗೆ ವರ್ಗವಾಗಿ ಬಂದ ಹೊಸತರಲ್ಲಿ ಸಣ್ಣ ಚೀಲದಲ್ಲಿ ಒಣ ಮೆಣಸಿನಕಾಯಿ ಹಿಡಿದುಕೊಂಡು ಗಿರಣಿಗೆ ಬಂದರು. ಒಬ್ಬಂಟಿ ಹೆಣ್ಣುಮಗಳು, ಅಷ್ಟು ಖಾರ ಅವರಿಗೆ ವರ್ಷವಿಡೀ ಸಾಲುತ್ತಿತ್ತು. ಗಿರಾಕಿಯಾಗಿ ಬಂದು ಆಮೇಲೆ ಮಾತಾಡಬೇಕು ಅನ್ನುವುದು ಅವರ ಲೆಕ್ಕ ಇದ್ದಿರಬೇಕು. ಹೊಸ್ತಿಲಾಚೆಯೇ ನಿಂತು ಕೇಳಿದರು.

"ಸಾವ್ಕಾರ್ರ, ನಾ ಕಲಿಸೋ ಕೋಣಿ ನಿಮ್ಮ ಗೋಡಿಗೇ ಅದರಿ. ಖಾರ ಕುಟ್ಟೂದು ಸಾಲಿ ಬಿಟ್ಟ ಮ್ಯಾಲ ಇಟ್ಕೊಂಡ್ರ ನಡೀತದೇನ್ರಿ? ನನಗ ದಮ್ಮದ. ಹುಡುಗರೂ ಕೆಮ್ಮತಾವ."

ಕೂಲಿಯವನ ಮಗನಿಗೆ ಸಾವ್ಕಾರ್ರ ಅಂದರೆ ಹಿಗ್ಗಬೇಕೋ, ಹಂಗಿಸಿದರು ಎಂದು ತಿಳಿಯಬೇಕೋ ಗೊತ್ತಾಗಲಿಲ್ಲ. ಸರದಿಯಲ್ಲಿ ನಿಂತ ಹೆಂಗಸರು ನನ್ನ ಮುಖ ನೋಡುತ್ತಿದ್ದರು.

"ಅಕ್ಕೋರ, ನನ್ನ ಗಿರಣಿ ಮೊದಲಿಂದು. ಆ ಕೋಣಿ ಕಟ್ಟಿದ್ದು ಆಮ್ಯಾಲ. ಕೇಳೂದಿದ್ರ ಕೋಣಿ ಕಟ್ಟಿದವರನ್ನ ಕೇಳ್ರಿ" ಅಂದೆ.

ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. "ಆತ್ರಿ, ಹಂಗಾದ್ರ ಗೋಡಿಗೇ ಹೇಳ್ತೀನಿ" ಎಂದು ಚೀಲ ಅಲ್ಲೇ ಇಟ್ಟು ಹೋದರು. ಸಂಜೆ ಶಾಲೆಯ ಹುಡುಗಿಯ ಕೈಯಲ್ಲಿ ಕುಟ್ಟಿದ ಖಾರ ತರಿಸಿಕೊಂಡರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎತ್ತುವ ಬದಲು ಒಂದು ಹಳೇ ಸೀರೆಯನ್ನು ನೀರಿನಲ್ಲಿ ಅದ್ದಿ ನನ್ನ ಕಡೆಯ ಕಿಟಕಿಗೆ ಕಟ್ಟಿದರು. ಒಣಗಿದಾಗೊಮ್ಮೆ ಮತ್ತೆ ನೀರು ಚಿಮುಕಿಸುತ್ತಿದ್ದರು. ಸಂಜೆ ಹುಡುಗಿಯರು ಅದನ್ನು ಹಿಂಡಿದರೆ ನೀರು ಕೆಂಪಗೆ ಬಂದು ನನ್ನ ಗಿರಣಿಯ ಮುಂದಿನ ಗಟಾರಕ್ಕೇ ಹರಿಯುತ್ತಿತ್ತು. ನಾನು ಆ ಕೆಂಪು ನೀರನ್ನು ದಿನಾ ನೋಡಿದೆ. ನನ್ನ ಖಾರದ ಬಣ್ಣ ಎಷ್ಟು ಚೊಲೋ ಎಂದುಕೊಂಡೆ. ಅದು ಸೀರೆಗೆ ಸಿಕ್ಕಿದ ಖಾರ, ಸಿಗದೆ ಒಳಗೆ ಹೋದದ್ದು ಎಷ್ಟಿತ್ತು ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಮಕ್ಕಳ ಉಸಿರು ನೋಡಲು ಅವರಲ್ಲೊಂದು ಉಪಾಯವಿತ್ತು, ಮಗ್ಗಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಬೇರೆಯವರು ತಪ್ಪು ಹುಡುಕುತ್ತಿದ್ದರೆ ಇವರು ಎಲ್ಲಿ ನಿಂತು ಉಸಿರು ತಗೊಂಡರು ಎಂಬುದನ್ನು ಕೇಳುತ್ತಿದ್ದರು. ನೆಗಡಿಯಾದ ಮಗು, ಹೊಟ್ಟೆಗೆ ಉಣ್ಣದೆ ಬಂದ ಮಗು, ಎದೆ ಬಿಗಿದ ಮಗು, ಎಲ್ಲರ ಮಗ್ಗಿಯೂ ಬೇರೆ ಬೇರೆ ಕಡೆ ಕಡಿಯುತ್ತದಂತೆ.

ನನ್ನ ಮಗಳು ರೇಣು ಅವರ ಕೈಗೆ ಬಂದಾಗ ಒಂದು ದಿನ ಗಿರಣಿಯ ಬಾಗಿಲಿಗೆ ಬಂದು, "ರೇಣು ಮಗ್ಗಿ ನಡುವ ನಿಲ್ಲಸಾಕತ್ತಾಳ್ರಿ" ಅಂದರು. ಇನ್ನೂ ಏನೋ ಹೇಳುವವರಿದ್ದರು. ನಾನು ಬಿಡಲಿಲ್ಲ. "ನಾ ನೋಡ್ಕೋತೀನಿ ಬಿಡ್ರಿ" ಅಂದೆ. ಶಾಲೆ ಬಿಟ್ಟವನಾದರೂ ಮಗ್ಗಿ ನನಗೆ ಬಾಯಿಪಾಠ. ತೂಕಕ್ಕೂ ಲೆಕ್ಕಕ್ಕೂ ಯಾರ ಮುಂದೂ ಕೈಕಟ್ಟಿ ನಿಂತವನಲ್ಲ. ನನ್ನ ಮಗಳು ಎರಡರ ಮಗ್ಗಿಗೆ ತಡವರಿಸುವುದೆಂದರೇನು? ಅಂದಿನಿಂದ ದಿನಾ ಸಂಜೆ ಗಿರಣಿಯಲ್ಲೇ ಪಕ್ಕಕ್ಕೆ ಕೂರಿಸಿಕೊಂಡು ಮಗ್ಗಿ ಹೇಳಿಸಿದೆ. ನಿಂತಲ್ಲಿ ಗದರಿಸಿದೆ. ಖಾರದ ಗಾಳಿಯಲ್ಲಿ ಕೂರಿಸಿ, ಒಂದೇ ಉಸಿರಿಗೆ ಹೇಳು ಎಂದು ಬೆನ್ನು ಹತ್ತಿದೆ.

ಅವಳಿಗೆ ದಮ್ಮಿರುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಹಿಂದಿನ ಚಳಿಗಾಲದಲ್ಲೇ ರಾಯಚೂರಿನ ಮಕ್ಕಳ ಡಾಕ್ಟರ್ ಹೇಳಿದ್ದರು. ಎರಡು ಪಂಪು ಬರೆದುಕೊಟ್ಟಿದ್ದರು, ಅವುಗಳಿಗೆ ಜೋಡಿಸುವ ಒಂದು ಪ್ಲಾಸ್ಟಿಕ್ ಕೊಳವೆ ಬೇರೆ. ಒಂದು ಪಂಪು ದಿನಾ, ಇನ್ನೊಂದು ಬಿಗಿದಾಗ. ದಿನಾ ಕೊಟ್ಟೆವು. ಕೆಮ್ಮು ಹೋಯಿತು. ಹುಡುಗಿ ಓಡಾಡಿದಳು. ಅಲ್ಲಿಗೆ ನಾನು ಎರಡನ್ನೂ ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಡಿಸಿದೆ.

"ಆರಾಮ ಆದ ಮ್ಯಾಲ ಯಾಕ ಬೇಕು? ಚಟ ಹತ್ತತದ" ಅಂದೆ.

"ಡಾಕ್ಟರು ಬಿಡಬ್ಯಾಡಂದಾರ" ಅಂದಳು ಹೆಂಡತಿ.

"ಡಾಕ್ಟರು ಬಂದು ಅಕಿ ಮದುವಿ ಮಾಡ್ತಾರೇನು? ಮಂದಿ ಕಣ್ಣಿಗೆ ಬಿದ್ರ ಮುಗೀತು."

ನನ್ನ ಲೆಕ್ಕವೇ ಬೇರೆ ಇತ್ತು. ನಾನು ಸಣ್ಣವನಿದ್ದಾಗ ಗಿರಣಿಗೆ ಹೊಕ್ಕ ಮೊದಲ ವಾರ ಕಣ್ಣು ಮೂಗೆಲ್ಲ ಸುರಿದಿತ್ತು, ಆಮೇಲೆ ರೂಢಿಯಾಯಿತು. ಗಿರಣಿಯವನ ಮಗಳಿಗೂ ಹಾಗೇ ರೂಢಿಯಾಗುತ್ತದೆ, ಎದೆ ಗಟ್ಟಿಯಾಗುತ್ತದೆ ಎಂದು ನಂಬಿದ್ದೆ. ಕೂಸಿನ ಉಸಿರಿನ ಕೊಳವೆಯನ್ನು ನನ್ನ ಅಂಗೈ ಎಂದು ತಿಳಿದಿದ್ದೆ. ಕೆಲಸ ಮಾಡಿದಷ್ಟೂ ದಡ್ಡುಗಟ್ಟುವುದು ಅಂಗೈ, ಉಸಿರಿನ ಕೊಳವೆಯಲ್ಲ.

ಬಿಸಿಲು ಏರುವ ಕಾಲ ಬಂತು. ನಮ್ಮ ಕಡೆ ವರ್ಷದ ಖಾರ ಕುಟ್ಟಿಸುವ ದಿನಗಳು. ಗಿರಣಿಯ ಮುಂದೆ ಹೆಂಗಸರ ಸರದಿ. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಬಂದ ರೇಣುಳನ್ನು ನಾನೇ ಕರೆದು ಚೀಲಗಳ ಹತ್ತಿರ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಅವಳು ಕೆಮ್ಮಿದಳು. ಸರದಿಯಲ್ಲಿದ್ದ ಒಬ್ಬಾಕೆ, "ಅಪ್ಪಂದು ಕಲ್ಲ ಮೂಗು, ಮಗಳಿಗೆ ಬಂದಿಲ್ಲ ನೋಡು" ಎಂದು ಕಿಚಾಯಿಸಿದಳು. ನಾನೂ ನಕ್ಕೆ. ಮತ್ತೆ ತಿರುಗಿ ನೋಡಿದಾಗ ರೇಣು ಎರಡೂ ಕೈ ಮೊಣಕಾಲಿಗೆ ಊರಿಕೊಂಡು ಮುಂದಕ್ಕೆ ಬಗ್ಗಿದ್ದಳು. ಕೆಮ್ಮು ನಿಂತಿತ್ತು. ನಿಂತದ್ದು ಒಳ್ಳೆಯದಕ್ಕೆ ಅಂದುಕೊಂಡೆ.

ಗೋಡೆಯಾಚೆ ಅಕ್ಕೋರಿಗೆ ಹೇಗೆ ಗೊತ್ತಾಯಿತೋ, ಯಾವುದೋ ಹುಡುಗಿ ಓಡಿ ಹೋಗಿ ಹೇಳಿರಬೇಕು. ಹೊಸ್ತಿಲಾಚೆಯೇ ನಿಲ್ಲುತ್ತಿದ್ದವರು ಅಂದು ಸೆರಗನ್ನು ಮೂಗಿಗೆ ಸುತ್ತಿ ಸೀದಾ ಖಾರದ ಧೂಳಿನೊಳಗೆ ಬಂದರು.

"ಸಾವ್ಕಾರ್ರ, ಕೂಸಿಂದು ಪಂಪ್ ಎಲ್ಲದ?"

ರೇಣುಳಿಗೂ ದಮ್ಮಿದೆ ಎಂದು ಅವಳ ಮಗ್ಗಿಯಿಂದಲೇ ಕಂಡುಕೊಂಡಿದ್ದರೇನೋ. ಸರದಿಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಯಾವ ಪಂಪ್ರಿ? ಅಂಥಾದ್ದೇನಿಲ್ಲ. ಖಾರ ನೆತ್ತಿಗೇರ್ಯದ. ನೀರು ಕುಡದ್ರ ಹೋಗ್ತದ."

ಅಕ್ಕೋರು ನನ್ನನ್ನು ಒಮ್ಮೆ ನೋಡಿದರು. ರೇಣುಳನ್ನು ಎತ್ತಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಒಯ್ದರು. ಮಲಗಿಸಬೇಕೆಂದು ಯಾರೋ ಚಾಪೆ ತಂದರೆ, "ಬ್ಯಾಡ, ನೆಟ್ಟಗ ಕುಂದ್ರಲಿ" ಎಂದು ಬೆನ್ನಿಗೆ ತಮ್ಮ ಎದೆ ಆನಿಸಿ ಕೂರಿಸಿದರು. "ರೇಣವ್ವಾ, ಎರಡರ ಮಗ್ಗಿ ಹೇಳು" ಅಂದರು. ಹುಡುಗಿ, "ಎರಡೊಂದ್ಲೆ..." ಅಂದಳು. ಎರಡು ಅನ್ನುವ ಮಾತಿಗೆ ಉಸಿರು ಸಾಲಲಿಲ್ಲ. ಕುತ್ತಿಗೆಯ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿತ್ತು.

ಸಂಚಿ ಬಿಚ್ಚಿದರು. ತರಗತಿಯಿಂದ ತಮ್ಮ ಕೊಳವೆ ತರಿಸಿ, ಪಂಪು ಜೋಡಿಸಿ, ಅಲ್ಲಾಡಿಸಿ, ಒಂದು ಒತ್ತು ಒತ್ತಿ, "ಸಾವಕಾಶ ಉಸಿರಾಡು ನನ್ನವ್ವಾ. ಓಡಬ್ಯಾಡ. ಯಾರೂ ನಿನ್ನ ಬೆನ್ನು ಹತ್ತಿಲ್ಲ" ಎಂದರು. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಬೆನ್ನು ಹತ್ತಿದವನು ಅಲ್ಲೇ ನಿಂತಿದ್ದ. ಮತ್ತೊಂದು ಒತ್ತು. ಮತ್ತೆ ಉಸಿರು.

ಅಷ್ಟರಲ್ಲಿ ನನ್ನ ಹೆಂಡತಿ ಮನೆಯಿಂದ ಓಡಿ ಬಂದಳು. ಅವಳ ಕೈಯಲ್ಲಿ ನಮ್ಮದೇ ಪಂಪು, ನಮ್ಮದೇ ಕೊಳವೆ. ಹೆಂಗಸರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹುಡುಗಿಗೆ ಸ್ವಲ್ಪ ಬಣ್ಣ ತಿರುಗಿತು. "ಕಡಿಮಿ ಆಗಾಕತ್ತದ. ಆದ್ರ ಇಲ್ಲೇ ಕುಂದ್ರೂದಲ್ಲ, ದವಾಖಾನಿಗೆ ನಡೀರಿ" ಎಂದು ಅಕ್ಕೋರು ಹೆಡ್ ಮಾಸ್ತರಿಗೆ ಹೇಳಿ ಕಳಿಸಿ, ನನ್ನ ಗೂಡ್ಸ್ ಆಟೋದಲ್ಲಿ ನಾವು ಹತ್ತುವ ಮೊದಲೇ ಹತ್ತಿದರು. ರಾಯಚೂರಿನ ದಾರಿಯುದ್ದಕ್ಕೂ ಅವಳ ತುಟಿ ನೋಡುತ್ತಾ, ನಡುನಡುವೆ ಪಂಪು ಕೊಡುತ್ತಾ ಬಂದರು. ತಾವೂ ಕೆಮ್ಮುತ್ತಿದ್ದರು. ನನ್ನ ಗಿರಣಿಯ ಒಳಗೆ ಬಂದು ಹೋದದ್ದಲ್ಲವೇ. ಅವರ ಪಂಪು ಅವರ ಮಡಿಲಿನಲ್ಲೇ ಇತ್ತು. ಮಗಳ ಉಸಿರು ಸಡಿಲಾದ ಮೇಲೇ ಅದನ್ನು ತಮ್ಮ ಬಾಯಿಗೆ ಇಟ್ಟುಕೊಂಡದ್ದು.

ದವಾಖಾನೆಯಲ್ಲಿ ರೇಣು ಮಾಸ್ಕ್ ಹಾಕಿಕೊಂಡು ಮಲಗಿದ್ದಾಗ ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ. ತಮ್ಮದೇ ಕಥೆ ಹೇಳಿದರು. ಅವರಿಗೆ ಗಂಡು ಗೊತ್ತಾದಾಗ ಅವರ ಅವ್ವ ದಮ್ಮಿನ ವಿಷಯ ಮುಚ್ಚಿಟ್ಟಿದ್ದಳಂತೆ. ಅರಿಶಿಣ ಹಚ್ಚಿ ಕೂರಿಸಿದ್ದರಂತೆ. ಅಡಿಗೆಯ ಒಲೆಯ ಹೊಗೆ ಮನೆ ತುಂಬಿತು, ಬೀಗರ ಮುಂದೆಯೇ ಬಿಗಿಯಿತು, ಮದುವೆ ಮುರಿಯಿತು.

"ಮುರದದ್ದು ದಮ್ಮಿಗಲ್ರಿ. ಮುಚ್ಚಿಟ್ರಲ್ಲ ಅಂತ ಸಿಟ್ಟಿಗೆ" ಅಂದರು. "ಅವತ್ತಿಂದ ನಾ ಸಂಚ್ಯಾಗ ಇಟ್ಟೀನಿ. ಕಪಾಟಿನಾಗ ಇಟ್ರ ಪಂಪು ಬಟ್ಟಿಗೆ ಔಷಧ ಆಗ್ತದ, ಕೂಸಿಗಲ್ಲ."

ಆಮೇಲೆ ನನಗೇ ಪಾಠ ಸುರುವಾಯಿತು. ಶಾಲೆ ಬಿಟ್ಟ ಎಷ್ಟೋ ವರ್ಷಕ್ಕೆ ಮತ್ತೆ ಅಕ್ಕೋರ ಮುಂದೆ ನಿಂತೆ. ಖಾಲಿ ಪಂಪು ಕೈಗೆ ಕೊಟ್ಟು, "ಮಾಡಿ ತೋರಸ್ರಿ" ಅನ್ನುತ್ತಿದ್ದರು. ಒಂದು ಸಾರಿ ಅಲ್ಲಾಡಿಸಲು ಮರೆತೆ. ಇನ್ನೊಂದು ಸಾರಿ ಎರಡು ಒತ್ತನ್ನು ಒಟ್ಟಿಗೇ ಒತ್ತಿದೆ.

"ಸಾವ್ಕಾರ್ರ, ಮಷಿನ್ನಿನ ಹಾಪರಿಗೆ ಎರಡು ಚೀಲ ಒಮ್ಮೆಲೆ ಸುರೀತೀರೇನು? ಒಂದು ಹೋಗಲಿ, ಆಮ್ಯಾಲ ಇನ್ನೊಂದು."

ದಿನದ ಪಂಪನ್ನು ಆರಾಮಿದ್ದಾಗ ಯಾಕೆ ಕೊಡಬೇಕು ಎಂಬುದು ನನ್ನ ತಲೆಗೆ ಬಹಳ ದಿನ ಹೋಗಲಿಲ್ಲ. "ಹಲ್ಲು ನೋಯುವಾಗಷ್ಟೇ ತಿಕ್ಕತೀರೇನು? ದಿನಾ ತಿಕ್ಕತೀರಿ, ಅದಕ್ಕ ನೋಯಂಗಿಲ್ಲ. ಒಳಗಿನ ಬಾವು ಇಳಿಸೂದು ಇದು. ನೀಲಿದು ಬೆಂಕಿ ಬಿದ್ದಾಗಿನ ನೀರಿನ ಕೊಡ" ಅಂದರು. ನೀಲಿ ಪಂಪು ಮೇಲಿಂದ ಮೇಲೆ ಬೇಕಾಗುತ್ತಿದ್ದರೆ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ, ಕೊಟ್ಟರೂ ಸಡಿಲಾಗದಿದ್ದರೆ, ಮಾತು ಕಡಿದರೆ, ತುಟಿ ಕಪ್ಪಾದರೆ ಯಾರನ್ನೂ ಕೇಳದೆ ದವಾಖಾನೆಗೆ ಓಡಿ ಎಂದರು. ಇವೆಲ್ಲ ಡಾಕ್ಟರು ಮೊದಲೇ ಹೇಳಿದ್ದ ಮಾತುಗಳೇ. ಆಗ ನನ್ನ ಕಿವಿ ಬೇರೆ ಕಡೆ ಇತ್ತು. ಬೆಳಿಗ್ಗೆ ಶಾಲೆಯಲ್ಲಿ ರೇಣುಳಿಗೆ ಅವರ ಪ್ರಶ್ನೆ ತಪ್ಪುತ್ತಿರಲಿಲ್ಲ: "ಪಂಪ್ ಆತಾ? ಬಾಯಿ ಮುಕ್ಕಳಿಸಿದಿ?" ಅವಳ ನೀಲಿ ಪಂಪು ಅವರ ಮೇಜಿನ ಮೇಲೆ, ಅವರ ಪಂಪಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಸ್ವಲ್ಪ ದಿನಕ್ಕೆ ರೇಣು ಖೋಖೋ ತಂಡಕ್ಕೆ ಸೇರಿದಳು. ಡಾಕ್ಟರ್ ಹೇಳಿದಂತೆ ಆಟಕ್ಕೆ ಮೊದಲು ಪಂಪು ತಗೊಂಡು ಕುದುರೆಯ ಹಾಗೆ ಓಡಿದಳು.

ನಾನು ಖಾರದ ಮಷಿನ್ ಕಿತ್ತು ಊರ ಹೊರಗೆ, ಹೊಲದ ದಾರಿಗೆ ಹಾಕಿದೆ. ಮನೆಯ ಹತ್ತಿರ ಜೋಳದ ಕಲ್ಲನ್ನೂ ಬಿಡಲಿಲ್ಲ, ಅದೂ ಅಲ್ಲಿಗೇ ಹೋಯಿತು. ಊರವರು ಹೊಗಳಿದರು. ಅಕ್ಕೋರ ನಿವೃತ್ತಿಯ ಸಭೆಯಲ್ಲಿ ನನಗೂ ಹಾರ ಹಾಕಿ, "ಮಕ್ಕಳ ಸಲುವಾಗಿ ಗಿರಣಿನೇ ಸರಿಸಿದ ದೊಡ್ಡ ಮನಸು" ಅಂದರು. ವೇದಿಕೆಯ ಮೇಲೆ ಅಕ್ಕೋರ ಪಕ್ಕದಲ್ಲಿ ಕೂತಿದ್ದೆ. ಹಾರ ಮುಳ್ಳಿನಂತೆ ಚುಚ್ಚುತ್ತಿತ್ತು. ಅವರು ಕೇಳಿಕೊಂಡಾಗ ವರ್ಷಗಟ್ಟಲೆ ಆಗದ್ದು ನನ್ನ ಮಗಳ ಉಸಿರು ನಿಂತಂತಾದಾಗ ಒಂದೇ ವಾರದಲ್ಲಿ ಆಯಿತಲ್ಲ. ಶಾಲೆಯ ಮಕ್ಕಳು ಅವರು ಕೇಳಿಕೊಂಡಾಗಲೂ ಕೆಮ್ಮುತ್ತಿದ್ದವು. ಅಕ್ಕೋರು ಕಿವಿಯ ಹತ್ತಿರ ಬಗ್ಗಿ, "ಗೋಡಿ ನನ್ನ ಮಾತು ಕೇಳ್ತು ನೋಡ್ರಿ" ಅಂದರು. ಅಷ್ಟೇ.

ಅವರು ಮಸರಕಲ್ಲಿಗೆ ಹೋದ ಮೇಲೆ ಒಂದು ಭಾನುವಾರ ನಾನೂ ರೇಣುವೂ ನೋಡಲು ಹೋದೆವು. ಬೆಳಿಗ್ಗೆ ಗಿರಣಿಗೆ ಹೋಗಿ ಬೀಗ ನೋಡಿಕೊಂಡು ಅಲ್ಲಿಂದಲೇ ಬಸ್ಸು ಹತ್ತಿದ್ದೆ. ಅಕ್ಕೋರು ಅಂಗಳದಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ರೇಣುಳನ್ನು ಪಕ್ಕಕ್ಕೆ ಎಳೆದುಕೊಂಡರು. ನನಗೆ ಅಂಗಳದ ಆ ತುದಿಗೆ ಕುರ್ಚಿ ಹಾಕಿಸಿದರು. ಗಂಡಸರಿಗೆ ದೂರ ಹಾಕಿಸುವುದು ರೂಢಿ ಎಂದುಕೊಂಡೆ. ತುಂಬ ಹೊತ್ತು ಮಾತಾಡಿದೆವು. ಕೊನೆಗೆ ನಾನು ಎದ್ದು ಹತ್ತಿರ ಹೋಗಿ, ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ.

"ಅಕ್ಕೋರ, ನಿಮ್ಮ ದಮ್ಮು ಹೆಚ್ಚಾಗಿದ್ದು ನನ್ನಿಂದ."

"ನನಗ ಸಣ್ಣಂದಿನಿಂದ ಅದರಿ. ನಮ್ಮಪ್ಪಗೂ ಇತ್ತು. ನಿಮ್ಮ ಗಿರಣಿ ಅಷ್ಟು ದೊಡ್ಡದಲ್ಲ ಬಿಡ್ರಿ" ಎಂದು ನಕ್ಕರು. ನಗು ಕೆಮ್ಮಾಯಿತು. ಸಂಚಿ ಬಿಚ್ಚಿದರು. ನಾನು ಗಾಬರಿಯಾಗಿ ಇನ್ನೂ ಹತ್ತಿರ ಬಗ್ಗಿದೆ. ಅವರು ಅಂಗೈ ಅಡ್ಡ ಹಿಡಿದರು. ಪಂಪು ತಗೊಂಡು, ಎಣಿಸಿ, ಉಸಿರು ಬಿಟ್ಟು, ರೇಣುಳ ಕಡೆ ತಿರುಗಿದರು.

"ಬಂದಾಗಿಂದ ನೋಡಾಕತ್ತೀನಿ. ಬಸ್ಸಿಂದ ಇಳದು ಬರುವಾಗೂ ನಿಮ್ಮಪ್ಪಂದು ಒಂದು ದಾರಿ, ನಿಂದೊಂದು ದಾರಿ. ಯಾಕವ್ವಾ?"

ರೇಣು ನೆಲ ನೋಡಿದಳು. "ಅಪ್ಪನ ಅಂಗಿ..." ಅಂದಳು. ಆಮೇಲೆ, "ಹೇಳಿದ್ರ ಬ್ಯಾಸರ ಮಾಡ್ಕೊಂತಾನ" ಅಂದಳು.

ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಅಪ್ಪನ ಹತ್ತಿರ ಸಂಕೋಚ ಎಂದುಕೊಂಡಿದ್ದೆ ನಾನು. ಊಟಕ್ಕೆ ಕೂತರೆ ಅವಳು ಬಾಗಿಲ ಹತ್ತಿರ, ಮಲಗಿದರೆ ಆ ಮೂಲೆ. ಹೆಗಲ ಮೇಲೆ ಕೈ ಇಟ್ಟರೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದಳು.

"ಸಾವ್ಕಾರ್ರ" ಅಂದರು ಅಕ್ಕೋರು. ಆ ಸಾರಿ ಆ ಮಾತಿನಲ್ಲಿ ಹಂಗಿಸುವ ದನಿ ಇರಲಿಲ್ಲ. "ಗಿರಣಿ ಊರ ಹೊರಗ ಕಳಿಸಿದ್ರಿ, ಖರೆ. ಸಂಜಿಗೆ ಅದನ್ನ ಅಂಗಿ ಮ್ಯಾಲ ಹೊತ್ಕೊಂಡು ಮನಿಗೆ ಬರಾಕತ್ತೀರಿ."

ಅಂದಿನಿಂದ ಗಿರಣಿಯಲ್ಲೇ ಒಂದು ನಲ್ಲಿ, ಒಂದು ಬಕೆಟು, ಬಾಗಿಲಿರುವ ಪೆಟ್ಟಿಗೆಯಲ್ಲಿ ಬೇರೆ ಬಟ್ಟೆ. ತಲೆಗೂದಲು ತೊಳೆದುಕೊಂಡೇ ಮನೆಗೆ ಬರುತ್ತೇನೆ. ಕೆಲಸದ ಅಂಗಿ ಅಲ್ಲೇ ಇರುತ್ತದೆ. ಆದರೂ ಸಾಲದು ಅನಿಸುತ್ತದೆ. ಮಗಳ ಹತ್ತಿರ ಹೋಗುವ ಮೊದಲು ತೋಳನ್ನು ಮೂಸಿ ನೋಡಿಕೊಳ್ಳುವ ಚಟ ಹತ್ತಿದೆ. ನನ್ನ ಕಲ್ಲಿನ ಮೂಗಿಗೆ ಏನೂ ತಿಳಿಯುವುದಿಲ್ಲ.

ಅಕ್ಕೋರ ಮಣ್ಣಿಗೆ ಹೋದ ದಿನ ಹೊಸ ಅಂಗಿ ಹಾಕಿಕೊಂಡಿದ್ದೆ. ಎರಡು ಸಾರಿ ಸ್ನಾನ ಮಾಡಿದ್ದೆ. ಅಂಗಳದಲ್ಲಿ, ಅದೇ ಹೊರಸಿನ ಮೇಲೆ ಅವರನ್ನು ಮಲಗಿಸಿದ್ದರು. ತಲೆಯ ಹತ್ತಿರ ಯಾರೋ ಆ ಸಂಚಿಯನ್ನೂ ಇಟ್ಟಿದ್ದರು. ಅಣ್ಣನ ಮಗ, "ಬರ್ರಿ, ಹೂವು ಹಾಕ್ರಿ" ಎಂದು ಕರೆದ. ಎಲ್ಲರೂ ಹೋದರು. ನಾನು ಹಿಂದೆ ಕುರ್ಚಿ ಹಾಕಿದ್ದ ಆ ತುದಿಯಲ್ಲೇ ನಿಂತುಬಿಟ್ಟೆ. ಇನ್ನು ಅವರಿಗೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಆದರೂ ತೋಳನ್ನು ಮತ್ತೊಮ್ಮೆ ಮೂಸಿ ನೋಡಿಕೊಂಡೆ.

ಹೂವು ಹಾಕಿ ಬಂದ ರೇಣು ನನ್ನನ್ನು ನೋಡಿದಳು. ಹತ್ತಿರ ಬಂದಳು. ನನ್ನ ಅಂಗಿಯ ತೋಳಿಗೆ ಮುಖ ಹಚ್ಚಿ ಒಮ್ಮೆ ದೀರ್ಘವಾಗಿ ಉಸಿರು ಎಳೆದುಕೊಂಡಳು. ನಾನು ಅವಳ ಉಸಿರನ್ನೇ ಕೇಳುತ್ತಾ ನಿಂತೆ. ಕೆಮ್ಮು ಬರಲಿಲ್ಲ.

"ಏನೂ ಇಲ್ಲಪ್ಪಾ" ಅಂದಳು. "ಬಾ, ಹೋಗೂಣು."

ನನ್ನ ಕೈ ಹಿಡಿದು ಹೊರಸಿನ ತನಕ ಕರೆದುಕೊಂಡು ಹೋದಳು.